ಆಂಡರ್ಸನ್ನರ ಕೈಗೆ ಹೊಸ ರೈಫಲ್ ಕೊಟ್ಟರೆ

ಕತ್ತಲ ರಾತ್ರಿ. ಮರದ ಕವಲಿನಲ್ಲಿ ಅಟ್ಟಣೆ, ಕೆಳಗೆ ಹುಲಿ ಅರ್ಧ ತಿಂದು ಬಿಟ್ಟುಹೋದ ದನ. ಬೇಟೆಗಾರ-ಲೇಖಕ ಕೆನ್ನೆತ್ ಆಂಡರ್ಸನ್ನರ ತೊಡೆಯ ಮೇಲೆ .405 ವಿಂಚೆಸ್ಟರ್, ನಳಿಗೆಗೆ ಬಿಗಿದ ಟಾರ್ಚು. ಸೊಳ್ಳೆ ಮುತ್ತಿದರೂ ಕೈಯಾಡಿಸುವಂತಿಲ್ಲ. ಎಲ್ಲೋ ದೂರದಲ್ಲಿ ಕಡವೆ ಕೂಗುತ್ತದೆ; ಸ್ವಲ್ಪ ಹೊತ್ತಿಗೆ ತೀರಾ ಹತ್ತಿರದಲ್ಲೇ ಕಾಡುಕುರಿ ಬೊಗಳುತ್ತದೆ. ಆಮೇಲೆ ಜೀರುಂಡೆಗಳೂ ಬಾಯಿ ಮುಚ್ಚುತ್ತವೆ. ಹುಲಿ ಬಂದದ್ದು ಕಿವಿಗೆ ಗೊತ್ತು, ಕಣ್ಣಿಗಿನ್ನೂ ಗೊತ್ತಿಲ್ಲ. ಮೂಳೆ ಕಡಿಯುವ ಸದ್ದು ಕೇಳಿದ ಮೇಲಷ್ಟೇ ಟಾರ್ಚಿನ ಗುಂಡಿ ಒತ್ತಬೇಕು.

ತೇಜಸ್ವಿಯವರು ಆಂಡರ್ಸನ್ನರನ್ನು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಓದಿದವರಿಗೆಲ್ಲ ಪರಿಚಿತ ಇರುಳು ಇದು. ಆ ಬಂದೂಕು ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿಯದು. ಕುದುರೆಯ ಸುತ್ತಲಿನ ಲಿವರನ್ನು ಕೆಳಗೆಳೆದು ಮೇಲೆತ್ತಿದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. 300 ಗ್ರೇನ್ ತೂಕದ ದಪ್ಪ ಗುಂಡು ಹತ್ತಿರದಲ್ಲಿ ಯಮನೇ ಸರಿ, ದೂರಕ್ಕೆ ಮಾತ್ರ ಬೇಗ ಬಾಗಿ ಬೀಳುತ್ತದೆ. ಹಾಗಾಗಿ ಹುಲಿಯ ಹತ್ತಿರಕ್ಕೆ ಹೋಗಲೇಬೇಕು.

ಈಗಿನ ರೈಫಲ್ಲಿನ ಗತ್ತೇ ಬೇರೆ. ಮಳೆಗೆ ಉಬ್ಬದ ಫೈಬರ್ ಹಿಡಿ, ತುಕ್ಕು ಹಿಡಿಯದ ಉಕ್ಕು, ದೂರ ಅಳೆಯುವ ಲೇಸರ್, ಮೈಯ ಶಾಖವನ್ನೇ ಬೆಳಕಾಗಿಸಿ ತೋರಿಸುವ ಥರ್ಮಲ್ ಸ್ಕೋಪು. 2013ರ ಹೊತ್ತಿಗೆ ಟೆಕ್ಸಾಸಿನ ಕಂಪನಿಯೊಂದು ಇನ್ನೂ ಮುಂದೆ ಹೋಯಿತು: ಗುರಿಗೊಂದು ಗುರುತು ಹಾಕಿ ಕುದುರೆ ಒತ್ತಿಹಿಡಿದರೆ ಸಾಕು, ಯಾವ ಕ್ಷಣ ಗುಂಡು ಹಾರಬೇಕೆಂದು ಕಂಪ್ಯೂಟರೇ ನಿರ್ಧರಿಸುತ್ತದೆ.

ಆಂಡರ್ಸನ್ ಇದನ್ನೆಲ್ಲ ಕಂಡು ಮೂಗು ಮುರಿಯುತ್ತಿದ್ದರು ಅಂದುಕೊಳ್ಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ವಿಮಾನ ಕಾರ್ಖಾನೆಯಲ್ಲಿ ದುಡಿದ ಮನುಷ್ಯ. ಕಾಡಿಗೆ ಹೋಗುತ್ತಿದ್ದುದು ಸ್ಟುಡಿಬೇಕರ್ ಕಾರಿನಲ್ಲಿ. ಫೈಬರ್ ಹಿಡಿಯನ್ನು ತಟ್ಟಿ ನೋಡಿ ಮೆಚ್ಚುತ್ತಿದ್ದರು. ಥರ್ಮಲ್ ಸ್ಕೋಪಿಗೆ ಕಣ್ಣಿಟ್ಟು ಮಗುವಿನ ಹಾಗೆ ಬೆರಗಾಗಿ, ಇಡೀ ರಾತ್ರಿ ಮೊಲ, ಪುನುಗು, ಕಾಡುಪಾಪಗಳನ್ನು ನೋಡುತ್ತಾ ಕೂರುತ್ತಿದ್ದರೇನೋ. ಸಾವಿರ ಗಜ ದೂರದಿಂದ ಹೊಡೆಯುವುದನ್ನು ಮಾತ್ರ ಬೇಟೆ ಎಂದು ಒಪ್ಪುತ್ತಿರಲಿಲ್ಲ. ಅಷ್ಟು ದೂರಕ್ಕೆ ಕಡವೆಯ ಕೂಗೂ ಬೇಡ, ಹೆಜ್ಜೆಗುರುತು ಓದುವ ಪೂಜಾರಿ ಬೈರನೂ ಬೇಡ. ಬೈರನಿಲ್ಲದೆ ಆಂಡರ್ಸನ್ ಬರೆಯುವುದಾದರೂ ಏನನ್ನು?

1972ರಲ್ಲಿ ಬೇಟೆಗೆ ತಡೆ ಹಾಕುವ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಆಂಡರ್ಸನ್ ತೀರಿಕೊಂಡರು. ಈಗ ನಮ್ಮ ಕಾಡಂಚಿನಲ್ಲಿ ಹುಲಿ ಮನುಷ್ಯರನ್ನು ಕೊಂದರೆ ಮೊದಲು ಹೊರಡುವುದು ಅರಿವಳಿಕೆ ಚುಚ್ಚುವ ಡಾರ್ಟ್ ಕೋವಿ. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಕಡೆಯ ಹುಲಿಯನ್ನು ಸಾಕಾನೆಗಳ ನೆರವಿನಿಂದ ಜೀವಂತವಾಗಿ ಹಿಡಿದದ್ದೂ ಹೀಗೆಯೇ. ಡಾರ್ಟ್ ಹಾರುವುದು ಹತ್ತಾರು ಮೀಟರು ಮಾತ್ರ. ಪೊದೆಯೊಳಗಿನ ಹುಲಿಯ ಹತ್ತಿರಕ್ಕೆ ವೈದ್ಯರು ಹೋಗಲೇಬೇಕು, ಮದ್ದು ಏರುವ ತನಕ ಎದೆ ಗಟ್ಟಿ ಮಾಡಿಕೊಂಡು ಕಾಯಲೇಬೇಕು. ಹೊಸ ಕಾಲದ ಬಂದೂಕುಗಳಲ್ಲಿ ಆಂಡರ್ಸನ್ ತಮಗೆಂದು ಆರಿಸಿಕೊಳ್ಳುತ್ತಿದ್ದುದು ಈ ಡಾರ್ಟ್ ಕೋವಿಯನ್ನೇ.