ಸೊಂಟನೋವಿಗೆ 14 ಸೂಜಿ

ಮಂಗಳೂರಿನ ಒಂದು ಪ್ರಕೃತಿ ಚಿಕಿತ್ಸಾ ಆಸ್ಪತ್ರೆ. ಮೊದಲ ಮಹಡಿಯ ಕೊನೆಯ ಕೋಣೆಗೆ ಕಾಲಿಟ್ಟರೆ ಸೊಪ್ಪು ಸುಟ್ಟಂಥ ಹೊಗೆವಾಸನೆ. ಮಾಚಿಪತ್ರೆಯ ಕುಲದ ಎಲೆಯನ್ನು ಒಣಗಿಸಿ, ಹೊಸೆದು, ಕಡ್ಡಿ ಮಾಡಿ, ಅದರ ಕೆಂಡದ ಶಾಖವನ್ನು ನೋವಿನ ಜಾಗಕ್ಕೆ ಹಿಡಿಯುತ್ತಾರೆ. ಚೀನಿಯರಿಗೆ ಸೂಜಿ (ಅಕ್ಯುಪಂಕ್ಚರ್), ಶಾಖ ಎರಡೂ ಸೇರಿ ಒಂದೇ ವಿದ್ಯೆ. ಮೂಲೆಯಲ್ಲಿ ಮೊಳದುದ್ದದ ಗೊಂಬೆ, ಅದರ ಮೈತುಂಬ ಗೆರೆ, ಚುಕ್ಕೆ. ಚುಕ್ಕೆ ಎಂದರೆ ಸೂಜಿ ಚುಚ್ಚುವ ಬಿಂದು; ಶಾಸ್ತ್ರದ ಲೆಕ್ಕದಲ್ಲಿ ಅವು 361.

ನನ್ನದು ಎರಡು ವರ್ಷದ ಸೊಂಟನೋವು. ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಪದವಿ) ಓದಿದ ಯುವ ವೈದ್ಯೆ ಹಳೆಯ ಎಕ್ಸ್‌ರೇ ನೋಡಿ, ರಕ್ತ ತೆಳುವಾಗಿಸುವ ಮಾತ್ರೆ ಉಂಟಾ, ಸಕ್ಕರೆ ಕಾಯಿಲೆ ಉಂಟಾ ಎಂದೆಲ್ಲ ಕೇಳಿದರು. "ತಿಂಡಿ ತಿಂದಿದ್ದೀರಲ್ಲ ಅಮ್ಮ? ಖಾಲಿ ಹೊಟ್ಟೆಯಲ್ಲಾದರೆ ಕೆಲವರಿಗೆ ತಲೆ ತಿರುಗುತ್ತದೆ."

ಬೋರಲು ಮಲಗಿದೆ. ಅವರ ಹೆಬ್ಬೆರಳು ಬೆನ್ನುಮೂಳೆಯ ಪಕ್ಕದಲ್ಲೇ ಒತ್ತುತ್ತಾ ಇಳಿಯಿತು. ನಾನು "ಹಾಂ, ಇಲ್ಲೇ" ಎಂದ ಕಡೆ ನಿಂತಿತು. ಎರಡು ವರ್ಷದಲ್ಲಿ ನನ್ನ ನೋವನ್ನು ಯಾರಾದರೂ ಮುಟ್ಟಿ ಹುಡುಕಿದ್ದು ಇದೇ ಮೊದಲು.

ಸೂಜಿ ಕಾಲು ಮಿಲಿಮೀಟರಿನಷ್ಟೇ ದಪ್ಪ. ಸಣ್ಣ ನಳಿಗೆಯೊಳಗಿಟ್ಟು ಬೆರಳಿನಿಂದ ಟಕ್ಕೆಂದು ತಟ್ಟುತ್ತಾರೆ. ಚುಚ್ಚಿದ್ದು ಇರುವೆ ಕಡಿದಷ್ಟೂ ಇಲ್ಲ. ಸೂಜಿಯನ್ನು ಸ್ವಲ್ಪ ತಿರುಗಿಸಿದಾಗ ಮಾತ್ರ ಒಳಗೆ ಭಾರ, ಆಮೇಲೆ ಜೋಮು. ಅದನ್ನು ಚೀನಿಯರು 'ದ-ಚಿ' ಎನ್ನುತ್ತಾರೆ. ಅದು ಬಂದರೆ ಸೂಜಿ ಸರಿಯಾದ ಜಾಗ ಮುಟ್ಟಿದೆ ಎಂಬುದು ಅವರ ನಂಬಿಕೆ. ಸೊಂಟಕ್ಕೆ ಎಂಟು, ಮಂಡಿಯ ಹಿಂದಿನ ಗುಳಿಗಳಿಗೆ ಎರಡು, ಪಾದದ ಗಂಟಿನ ಬಳಿ ನಾಲ್ಕು. ಇಪ್ಪತ್ತು ನಿಮಿಷ ಅಲುಗಾಡುವಂತಿಲ್ಲ.

ಪಕ್ಕದ ಪರದೆಯಾಚೆಯಿಂದ ಒಂದು ದನಿ: "ಬೀಡಿ ಕಟ್ಟಿ ಕಟ್ಟಿ ಕುತ್ತಿಗೆ ತಿರುಗುತ್ತಲೇ ಇರಲಿಲ್ಲ ಅಕ್ಕ. ಈಗ ರಾತ್ರಿ ನಿದ್ದೆ ಉಂಟು."

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿಯಲ್ಲಿ ಒಬ್ಬ ದೊಡ್ಡ ಮನುಷ್ಯರಿದ್ದಾರೆ. ಸೋಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದು ಅಲ್ಲೇ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಸೂಜಿವಿದ್ಯೆ ಕಲಿತು ಕೋಲ್ಕತ್ತಕ್ಕೆ ತಂದರು. ಅವರನ್ನು ನಾವು ಇನ್ನಷ್ಟು ನೆನೆಯಬೇಕು.

ನೋವು ಹೇಗೆ ಇಳಿಯುತ್ತದೆ? ದೇಹದ ನಾಳಗಳಲ್ಲಿ ಹರಿಯುವ 'ಚಿ' ಎಂಬ ಪ್ರಾಣಶಕ್ತಿಯ ತಡೆ ಬಿಡುತ್ತದೆ ಎನ್ನುತ್ತದೆ ಶಾಸ್ತ್ರ. ಆ ನಾಳಗಳು ಶರೀರಶಾಸ್ತ್ರಕ್ಕೆ ಸಿಕ್ಕಿಲ್ಲ. ಸೂಜಿ ನರಗಳನ್ನು ಕೆಣಕಿ ನೋವು ತಗ್ಗಿಸುವ ಎಂಡಾರ್ಫಿನ್ ಹೊಮ್ಮಿಸುತ್ತದೆ ಎನ್ನುವುದು ಆಧುನಿಕ ವಿವರಣೆ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಸೊಂಟನೋವಿನ 1,162 ಮಂದಿ ಇದ್ದರು. ಆರು ತಿಂಗಳ ನಂತರ ಸರಿಯಾದ ಬಿಂದುವಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬೇರೆಲ್ಲೋ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2 ಮಂದಿಗೆ ಗುಣ ಕಂಡಿತು. ಮಾತ್ರೆ, ವ್ಯಾಯಾಮದ ರೂಢಿಯ ಚಿಕಿತ್ಸೆಯಲ್ಲಿ ಶೇ. 27.4. ಅಂದರೆ ಗುಣ ನಿಜ, ಬಿಂದುವಿನ ಮಹಿಮೆ ಮಾತ್ರ ಅನುಮಾನ. ನನಗಂತೂ ಆ ಹೆಬ್ಬೆರಳಿನ ಪಾಲೂ ಸಣ್ಣದಲ್ಲ ಅನಿಸುತ್ತದೆ.

ಆರು ಸಲ ಹೋಗಿ ಬಂದೆ. ನೋವು ಪೂರ್ತಿ ಹೋಗಿಲ್ಲ. ಆದರೆ ನೆಲದಲ್ಲಿ ಕುಳಿತು ತೆಂಗಿನಕಾಯಿ ತುರಿದು, ಕೈ ಊರದೆ ಏಳುತ್ತೇನೆ.

ಹೋಗುವವರು ಹೋಗಿ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಮಾತ್ರ ಸೂಜಿಗೆ ಕಾಯಬೇಡಿ, ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ.