ಗುಹೆಗಳಲ್ಲಿ ವಾಸಿಸುವ ಹಣ್ಣು ಬಾವಲಿ: ಅದರ ನೆಲೆಯೂ ವ್ಯಾಪ್ತಿಯೂ

ಸೀಬೆ, ಸಪೋಟ, ದ್ರಾಕ್ಷಿ ಮುಂತಾದ ಹಣ್ಣಿನ ತೋಟಗಳುಳ್ಳ ಜಮೀನ್ದಾರರು, ಬೆಳಗಾಗೆದ್ದು ಅರೆತಿಂದ ಹಣ್ಣುಗಳು ನೆಲದ ಮೇಲೆ ಬಿದ್ದಿರುವುದನ್ನು ಕಂಡು ವ್ಯಸನಪಡುವುದುಂಟು. ಇದು ಬಾವಲಿಗಳ ಕೆಲಸವೆಂದು ತಿಳಿದೊಡನೆಯೇ ಕೆಲವರು ಸಮೀಪದ ಗುಹೆಗೋ ಹಾಳುಬಾವಿಗೋ ಹೋಗಿ ಹೊಗೆ ಹಾಕುತ್ತಾರೆ. ಇಲ್ಲವೆ ಅದರ ಬಾಯಿಯನ್ನು ಕಲ್ಲುಗಳಿಂದ ಮುಚ್ಚಿಬಿಡುತ್ತಾರೆ. ಇದರಿಂದ ತೋಟಕ್ಕೆ ಲಾಭವುಂಟೇ ಎಂಬುದನ್ನು ನಿಶ್ಚಯಿಸುವ ಮೊದಲು, ಆ ಪ್ರಾಣಿಯು ಎಲ್ಲೆಲ್ಲಿ ವಾಸಿಸುತ್ತದೆ, ಏಕೆ ಅಲ್ಲಿಯೇ ವಾಸಿಸುತ್ತದೆ ಎಂಬುದನ್ನು ಅರಿತುಕೊಳ್ಳುವುದು ಅವಶ್ಯಕ.

1. ಗುರುತು.— ಹಣ್ಣು ತಿನ್ನುವ ಬಾವಲಿಗಳಲ್ಲಿ ಮೂರು ಬಗೆಗಳು ನಮ್ಮಲ್ಲಿ ಸಾಮಾನ್ಯವಾಗಿ ಕಾಣಬರುತ್ತವೆ. ಹೆಮ್ಮರಗಳಲ್ಲಿ ಹಗಲೆಲ್ಲಾ ಗುಂಪಾಗಿ ತೂಗಾಡುವುದು ದೊಡ್ಡ ಬಾವಲಿ. ತಾಳೆಯೇ ಮೊದಲಾದ ಮರಗಳ ಗರಿಗಳ ಕೆಳಗೆ ಅಡಗುವುದು ಗಿಡ್ಡಮೂತಿಯ ಸಣ್ಣ ಬಾವಲಿ. ಮೂರನೆಯದೇ ಗುಹಾವಾಸಿಯಾದ ಈ ಬಾವಲಿ. ಇದರ ಮೈ ಕಂದು ಬಣ್ಣ, ಮುಖವು ನಾಯಿಯ ಮುಖವನ್ನು ಹೋಲುತ್ತದೆ, ಬಾಲವು ಗಿಡ್ಡ, ಮುಂಗೈ ಮೂಳೆಯ ಉದ್ದ ಸುಮಾರು 3 ಅಂಗುಲ. ಪುದುಚೇರಿಯಲ್ಲಿ ದೊರೆತ ಮಾದರಿಯಿಂದ ಇದನ್ನು 1820ನೆಯ ಇಸವಿಯಲ್ಲಿ ಫ್ರೆಂಚ್ ವಿದ್ವಾಂಸನಾದ ಡೆಮರೆ ಎಂಬುವನು ವರ್ಣಿಸಿ, ಲೆಶನೋ ಎಂಬ ಪ್ರಕೃತಿಶಾಸ್ತ್ರಜ್ಞನ ಹೆಸರನ್ನಿಟ್ಟನು. ಶಾಸ್ತ್ರಜ್ಞರು ಇದನ್ನು ರೂಸೆಟಸ್ ಲೆಶನೋಲ್ಟಿ ಎಂದು ಕರೆಯುತ್ತಾರೆ.

2. ವ್ಯಾಪ್ತಿ.— ಸಿಂಹಳ, ಪಾಕಿಸ್ತಾನ, ನೇಪಾಳಗಳಿಂದ ಮೊದಲ್ಗೊಂಡು ಭಾರತದ ಬಹುಭಾಗ, ಬರ್ಮಾ, ದಕ್ಷಿಣ ಚೀನ, ಸಯಾಂ, ವಿಯೆಟ್ನಾಂಗಳಲ್ಲಿಯೂ, ಅದರಾಚೆ ಸುಮಾತ್ರಾ, ಜಾವಾ, ಬಾಲಿ ದ್ವೀಪಗಳಲ್ಲಿಯೂ ಇದು ಉಂಟು. ಇಷ್ಟು ವಿಸ್ತಾರವಾದ ಸೀಮೆಯಲ್ಲಿ ಹರಡಿದ್ದರೂ, ಎಲ್ಲಿ ನೋಡಿದರೂ ಇದಕ್ಕೆ ಬೇಕಾದ ಮನೆ ಒಂದೇ ಬಗೆಯದು ಎಂಬುದು ಗಮನಿಸತಕ್ಕ ವಿಷಯ.

3. ನೆಲೆ.— ಕತ್ತಲೆ, ತೇವವುಳ್ಳ ಗಾಳಿ, ಹೆಚ್ಚು ಏರಿಳಿತವಿಲ್ಲದ ಉಷ್ಣ, ಇವು ಈ ಬಾವಲಿಗೆ ಬೇಕು. ಆದಕಾರಣ ಬೆಟ್ಟದ ಗುಹೆ, ಹಳೆಯ ಕೋಟೆ, ಪಾಳುಗುಡಿ, ಬಳಕೆ ತಪ್ಪಿದ ಸುರಂಗ, ಹಾಳುಬಾವಿ, ಇಂಥಲ್ಲಿ ಕೆಲವೇ ಬಾವಲಿಗಳಿಂದ ಹಿಡಿದು ಸಾವಿರಾರು ಒಟ್ಟಿಗೆ ನೆಲಸುತ್ತವೆ. ಇತರ ಹಣ್ಣು ಬಾವಲಿಗಳು ಕಣ್ಣನ್ನು ನೆಚ್ಚಿದವು. ಇದಾದರೋ ನಾಲಿಗೆಯಿಂದ ಚಟಚಟನೆ ಸದ್ದುಮಾಡಿ, ಅದರ ಮರುದನಿಯಿಂದ ಗೋಡೆಯನ್ನು ತಿಳಿದು, ಗಾಢಾಂಧಕಾರದಲ್ಲಿಯೂ ಹಾರಬಲ್ಲದು. ಹೆಣ್ಣು ವರ್ಷಕ್ಕೆ ಎರಡು ಸಲ ಈಯುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ. ಎಳೆಯ ಮರಿಯು ತಾಯಿಯ ಎದೆಗೆ ಕಚ್ಚಿಕೊಂಡಿರುತ್ತದೆ. ಹೀಗೆ ಸಂತಾನವು ನಿಧಾನವಾಗಿ ಬೆಳೆಯುವುದರಿಂದ, ಒಂದು ಗುಹೆ ಹಾಳಾದರೆ ಆ ನಷ್ಟವು ಬೇಗನೆ ತುಂಬಿಬರುವುದಿಲ್ಲ.

4. ಉಪಕಾರ.— ಈ ಬಾವಲಿಯು ಆಲ, ಅತ್ತಿ ಮುಂತಾದವುಗಳ ಹಣ್ಣು ತಿಂದು ಬೀಜವನ್ನು ದೂರ ದೂರ ಬೀಳಿಸುತ್ತದೆ. ರಾತ್ರಿ ಅರಳುವ ಹೂಗಳ ಮಕರಂದವನ್ನು ನೆಕ್ಕುವಾಗ ಪರಾಗವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಇದಲ್ಲದೆ, ಗುಹೆಯಲ್ಲಿರುವ ಬಾವಲಿಗಳೆಲ್ಲವೂ ಹಣ್ಣು ತಿನ್ನುವವಲ್ಲ. ಹುಳುಗಳನ್ನೇ ತಿಂದು ಬದುಕುವ ಜಾತಿಗಳೂ ಗುಹೆಗಳಲ್ಲಿಯೇ ಇರುತ್ತವೆ. ಅಂಥ ಒಂದು ಜಾತಿಯು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಮಾತ್ರ ಉಳಿದಿರುವುದಾಗಿ ತಿಳಿದುಬಂದಿದೆ. ಹೊಗೆಯು ಮಿತ್ರನನ್ನೂ ಶತ್ರುವನ್ನೂ ಬೇರ್ಪಡಿಸಿ ನೋಡುವುದಿಲ್ಲ.

5. ಎಚ್ಚರಿಕೆ.— 2020ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಮಹಾರಾಷ್ಟ್ರದ ಮಹಾಬಲೇಶ್ವರದ ಗುಹೆಯೊಂದರಲ್ಲಿ ಹಿಡಿದ ಈ ಜಾತಿಯ ಬಾವಲಿಗಳಲ್ಲಿ ನಿಪಾ ಎಂಬ ವೈರಾಣುವಿನ ಕುರುಹು ಇದ್ದುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಕಂಡರು. ಆದುದರಿಂದ ಬಾವಲಿ ಕಚ್ಚಿದ ಹಣ್ಣನ್ನು ಮನುಷ್ಯರು ತಿನ್ನಕೂಡದು. ದನಕರು, ಹಂದಿಗಳಿಗೂ ಹಾಕಕೂಡದು. ಅಂಥ ಹಣ್ಣನ್ನು ಗುಂಡಿಯಲ್ಲಿ ಹೂಳುವುದು ಲೇಸು. ಉಳಿದ ಹಣ್ಣನ್ನು ತೊಳೆದು ಸಿಪ್ಪೆ ತೆಗೆದು ತಿನ್ನತಕ್ಕದ್ದು. ಮಕ್ಕಳನ್ನು ಗುಹೆಯೊಳಕ್ಕೆ ಬಿಡಬಾರದು. ಬರಿಗೈಯಿಂದ ಬಾವಲಿಯನ್ನು ಮುಟ್ಟಬಾರದು. ಹೊಗೆ ಹಾಕಿದರೆ ಬೆದರಿದ ಬಾವಲಿಗಳು ಚದರಿ, ಊರಿನ ಗುಡಿ ಕಟ್ಟಡಗಳನ್ನೇ ಸೇರುವ ಸಂಭವವುಂಟು. ಆಗ ದೂರವಿದ್ದ ಅಪಾಯವನ್ನು ನಾವೇ ಮನೆಗೆ ಕರೆತಂದಂತಾಗುವುದು.

6. ತೋಟದ ರಕ್ಷಣೆ.— ಕಾವಲು ತೋಟದಲ್ಲಿರಬೇಕೇ ಹೊರತು ಗುಹೆಯ ಬಾಗಿಲಲ್ಲಿ ಅಲ್ಲ. ಮಾಗಿದ ಹಣ್ಣನ್ನು ಮರದಲ್ಲಿಯೇ ಬಿಡದೆ, ಬಲಿತ ಕೂಡಲೆ ಕೊಯ್ಯುವುದು ಮೊದಲನೆಯ ಉಪಾಯ. ದ್ರಾಕ್ಷಿ ಚಪ್ಪರಕ್ಕೂ ಗಿಡ್ಡ ಮರಗಳಿಗೂ ಬಲೆಯನ್ನು ಸಡಿಲಬಿಡದೆ ಬಿಗಿದು ಹೊದಿಸುವುದು ಎರಡನೆಯದು. ಬೆಲೆಯುಳ್ಳ ಹಣ್ಣುಗಳಿಗೆ ಚೀಲ ಕಟ್ಟುವುದು ಮೂರನೆಯದು.

7. ಕಾನೂನು.— 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹಣ್ಣು ಬಾವಲಿಗಳು ಬಹುಕಾಲ ಇಲಿ, ಕಾಗೆಗಳೊಡನೆ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ಇಲ್ಲವಾಯಿತು. ಬಾವಲಿಗಳಿರುವ ಗುಹೆಯನ್ನು ಮುಚ್ಚುವ ಅಥವಾ ಒಡೆಯುವ ಯೋಚನೆಯಿದ್ದವರು ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸತಕ್ಕದ್ದು.

ಗುಹೆಯು ಬೆಟ್ಟದಲ್ಲಿದ್ದರೂ ಅದರ ಫಲವು ಸುತ್ತಲ ಊರುಗಳಿಗೆಲ್ಲಾ ಸೇರಿದ್ದು. ಹೊಗೆಯ ಸೌದೆಗೂ ಆಳಿನ ಕೂಲಿಗೂ ಆಗುವ ಖರ್ಚನ್ನು ಬಲೆಗೆ ಹಾಕಿದರೆ ಹಣ್ಣೂ ಉಳಿಯುವುದು, ಕಾಡಿನ ಮರಗಳ ಬಿತ್ತನೆಯೂ ನಿಲ್ಲದು. ಗ್ರಾಮದ ಮುಖಂಡರು ಈ ಸಂಗತಿಯನ್ನು ತಮ್ಮ ಊರಿನವರಿಗೆ ತಿಳಿಯಹೇಳಬೇಕೆಂದು ಕೋರಲಾಗಿದೆ.