ನೀರಿನ ಲೆಕ್ಕದೊಡನೆ ಉಪ್ಪಿನ ಲೆಕ್ಕ

ಜತ್ತ ತಾಲೂಕಿಗೆ ಬರವೂ ಬಿಸಿಲೂ ಹೊಸವಲ್ಲ. ಮಾಡಗ್ಯಾಳದ ಬಯಲಿನಲ್ಲಿ ದಿನವಿಡೀ ಕುರಿ ಕಾಯ್ದು ಬಂದ ಹಿರಿಯರಿಗೆ ವಾಂತಿ-ಭೇದಿ ಹತ್ತಿದರೆ ನಾವು ಮೊದಲು ಬರಿ ನೀರು ಕುಡಿಸುತ್ತೇವೆ. ಮರುದಿನ ‘ಸಲೈನ್ ಹಚ್ಚಿರಿ’ ಎಂದು ದವಾಖಾನೆಗೆ ಓಡುತ್ತೇವೆ. ಇವೆರಡರ ನಡುವೆ ಮನೆಯವರು ಮಾಡಬಹುದಾದ ಶುಶ್ರೂಷೆಯೊಂದಿದೆ.

ವಯಸ್ಕರ ದೇಹತೂಕದಲ್ಲಿ ಹೆಚ್ಚುಕಡಿಮೆ ಶೇ. 60ರಷ್ಟು ನೀರು. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳು ಕರಗಿವೆ. ಭೇದಿಯಲ್ಲಿ ಇವೂ ನೀರಿನೊಡನೆ ಹೊರಹೋಗುತ್ತವೆ. ಆಗ ಬರಿ ನೀರನ್ನೇ ತುಂಬಿದರೆ ರಕ್ತದಲ್ಲಿ ಸೋಡಿಯಂ ಇಳಿದು ಮಂಕು ಕವಿಯಬಹುದು, ವಿಪರೀತವಾದರೆ ಸೆಳವೂ ಬರಬಹುದು. ಪೊಟ್ಯಾಸಿಯಂ ಇಳಿದರೆ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತ ಏರುಪೇರಾಗುತ್ತದೆ. ವೃದ್ಧರಿಗೆ ಬಾಯಾರಿಕೆಯೇ ಕಡಿಮೆ. ‘ನನಗೇನೂ ಬ್ಯಾಡ’ ಎಂಬ ಅವರ ಮಾತನ್ನು ನಂಬಿ ಕೂಡಬಾರದು.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಗ್ಲುಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಗ್ಲುಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಹೀರಿಕೊಳ್ಳುತ್ತದೆ. ಉಪ್ಪಿನ ಬೆನ್ನಿಗೆ ನೀರು ಹೋಗುತ್ತದೆ. ಇಂದಿನ ಓಆರ್‌ಎಸ್ ಪುಡಿಯ ಗುಟ್ಟೂ ಇದೇ.

ಒಂದು ಲೀಟರಿನ ಪೊಟ್ಟಣವನ್ನು ಒಂದೇ ಸಲ, ಒಂದು ಲೀಟರ್ ಶುದ್ಧ ನೀರಿನಲ್ಲೇ ಕಲಸಬೇಕು. ಲೋಟಕ್ಕೊಂದು ಚಿಟಿಕೆ ಹಾಕುವ ನಮ್ಮ ರೂಢಿ ಸಲ್ಲದು. ಉಳಿದುದನ್ನು 24 ಗಂಟೆಯ ಬಳಿಕ ಚೆಲ್ಲಬೇಕು. ಪೊಟ್ಟಣದ ಮೇಲೆ ಕನ್ನಡವಿಲ್ಲದಿದ್ದರೆ ಮರಾಠಿ ಕಲಿತ ಮಕ್ಕಳಿಂದ ಅಳತೆ ಓದಿಸಿಕೊಳ್ಳಿರಿ.

ಆಸ್ಪತ್ರೆಯಲ್ಲಿ ದಾದಿಯರು ರೋಗಿಯ ಒಳಗೆ ಹೋದ ದ್ರವ, ಹೊರಬಂದ ದ್ರವಗಳನ್ನು ಮಿಲಿಲೀಟರಿನಲ್ಲಿ ಬರೆದಿಡುತ್ತಾರೆ; ದಿನವೂ ತೂಕ ನೋಡುತ್ತಾರೆ. ಒಂದೇ ದಿನದಲ್ಲಿ ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ದ್ರವ ಹೋದಂತೆ. ಮನೆಯಲ್ಲಿ ಈ ಪಟ್ಟಿಯನ್ನು ಶಾಲೆಯ ಮಗುವೂ ಬರೆಯಬಲ್ಲದು: ಎಷ್ಟು ಲೋಟ ಕುಡಿದರು, ಎಷ್ಟು ಸಲ ವಾಂತಿ, ಎಷ್ಟು ಸಲ ಭೇದಿ, ಮೂತ್ರ ಯಾವಾಗ, ಬಣ್ಣ ಎಂಥದು. ಮಿರಜಿಗೆ ಹೋದರೂ ವಿಜಯಪುರಕ್ಕೆ ಹೋದರೂ ವೈದ್ಯರು ಕೇಳುವುದು ಇದನ್ನೇ. ‘ಸ್ವಲ್ಪ ಕುಡಿದಾರ್ರೀ’ ಎಂಬ ಉತ್ತರದಿಂದ ಅವರಿಗೆ ಏನೂ ತಿಳಿಯದು.

ಆರೆಂಟು ಗಂಟೆ ಮೂತ್ರವಾಗದಿದ್ದರೆ, ಮಾತು ತೊದಲಿದರೆ, ಕುಡಿದುದೆಲ್ಲ ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಸಲೈನ್ ಅಗತ್ಯವಾಗಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಎಷ್ಟು ಕುಡಿಸಬೇಕೆಂಬುದನ್ನು ವೈದ್ಯರನ್ನೇ ಕೇಳಿರಿ. ಅವರಿಗೆ ಹೆಚ್ಚಾದ ನೀರೂ ಉಪ್ಪೂ ಅಪಾಯಕರ.